ಮುಕ್ತ ತಂತ್ರಾಂಶ ಕೈಪಿಡಿಗಳಲ್ಲಿನ ಲೇಖನ ಚಿಹ್ನೆ ಹಾಗೂ ಸಂಕ್ಷೇಪಾಕ್ಷರಗಳ ತಿದ್ದುಪಡಿ – ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಸರ್ಕಾರದ ಸೇವೆಗಳಿಗೆ ಕಂಪ್ಯೂಟರ್ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರಲ್ಲಿ ಅನೇಕರು ಮುಕ್ತ ತಂತ್ರಾಂಶಗಳನ್ನು ಬಳಸುತ್ತಿದ್ದಾರೆ. ಅರ್ಜಿ ನಮೂನೆಯನ್ನು ತೆರೆಯಲು ಫೈರ್‌ಫಾಕ್ಸ್, ಮನವಿ ಪತ್ರವನ್ನು ಸಿದ್ಧಪಡಿಸಿ ಪಿಡಿಎಫ್ ರೂಪಕ್ಕೆ ತರಲು ಲಿಬ್ರೆಆಫೀಸ್, ಭಾವಚಿತ್ರದ ಗಾತ್ರವನ್ನು ಇಳಿಸಲು ಗಿಂಪ್ ಇವು ಸಾಮಾನ್ಯವಾಗಿ ಬಳಕೆಯಲ್ಲಿರುವ ಉದಾಹರಣೆಗಳು. ಇ-ಆಡಳಿತ ವ್ಯವಸ್ಥೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಭಾರತ ಸರ್ಕಾರವು 2015ರ ಮಾರ್ಚ್ ತಿಂಗಳಿನಲ್ಲಿ ಪ್ರಕಟಿಸಿರುತ್ತದೆ. ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ ಆಧಾರದ ಮೇಲೆ ರೂಪಿಸಿರುವ ಬಾಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯೂ ಇದೇ ವರ್ಗಕ್ಕೆ ಸೇರಿದ್ದು, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅದರಲ್ಲಿ ಅವಕಾಶವಿದೆ.

ಇಂತಹ ತಂತ್ರಾಂಶಗಳ ಕೈಪಿಡಿಗಳನ್ನು ಹೆಚ್ಚಿನ ಮಟ್ಟಿಗೆ ಸ್ವಯಂಸೇವಕರು ಬರೆಯುತ್ತಾರೆ. ಓದುವವರೂ ಅವುಗಳನ್ನು ತಿದ್ದಲು ಅವಕಾಶವಿದೆ. ಆದರೆ ಕೈಪಿಡಿಯಲ್ಲಿನ ಒಂದು ಬಿಂದು, ಒಂದು ಗೆರೆ ಅಥವಾ ಒಂದು ಖಾಲಿ ಸ್ಥಳ ಕೆಲವು ಕಡೆ ಕೇವಲ ಬರವಣಿಗೆಯ ಅಲಂಕಾರವಾಗಿರುವುದಿಲ್ಲ. ಅದು ಕಂಪ್ಯೂಟರಿಗೆ ನೀಡುವ ಆಜ್ಞೆಯ ಅಂಗವಾಗಿರುತ್ತದೆ. ಅಲ್ಲಿನ ತಪ್ಪು ಓದುಗರ ಕೆಲಸವನ್ನು ನಿಲ್ಲಿಸುತ್ತದೆ. ಅಷ್ಟೇ ಮುಖ್ಯವಾಗಿ, ತಿಳಿಯದೆ ಮಾಡಿದ ತಿದ್ದುಪಡಿಯೂ ಸರಿಯಾಗಿದ್ದುದನ್ನು ಕೆಡಿಸುತ್ತದೆ. ಯಾವುದನ್ನು ತಿದ್ದಬೇಕು, ಯಾವುದನ್ನು ಮುಟ್ಟಬಾರದು ಮತ್ತು ತಿದ್ದುಪಡಿಯನ್ನು ಹೇಗೆ ಸಲ್ಲಿಸಬೇಕು ಎಂಬುದನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಪುಟದಲ್ಲಿ ವಿವರಿಸಲಾಗಿದೆ.

ವಿ.ಸೂ.: ಈ ಪುಟದಲ್ಲಿ ಆಜ್ಞೆಗಳ ಹೆಸರನ್ನು ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ಬರೆಯಲಾಗಿದೆ. ಕಂಪ್ಯೂಟರಿನಲ್ಲಿ ಅವುಗಳನ್ನು ರೋಮನ್ ಅಕ್ಷರಗಳಲ್ಲಿಯೇ ಟೈಪು ಮಾಡತಕ್ಕದ್ದು.

2. ಮೂಲ ನಿಯಮ: ಓದುವ ಭಾಗ ಮತ್ತು ಟೈಪು ಮಾಡುವ ಭಾಗ

ಯಾವುದೇ ತಂತ್ರಾಂಶದ ಕೈಪಿಡಿಯಲ್ಲಿ ಎರಡು ಬಗೆಯ ಬರಹ ಸೇರಿಕೊಂಡಿರುತ್ತದೆ.

(ಅ) ಓದುವ ಭಾಗ: ಮನುಷ್ಯರು ಓದಿ ಅರ್ಥ ಮಾಡಿಕೊಳ್ಳುವ ವಾಕ್ಯಗಳು. ಇಲ್ಲಿ ಭಾಷೆಯ ಲೇಖನ ಚಿಹ್ನೆಗಳ ನಿಯಮ ಅನ್ವಯವಾಗುತ್ತದೆ.

(ಆ) ಟೈಪು ಮಾಡುವ ಭಾಗ: ಓದುಗರು ಇದ್ದ ಹಾಗೆಯೇ ನಕಲು ಮಾಡಿ ಕಂಪ್ಯೂಟರಿಗೆ ನೀಡಬೇಕಾದ ಆಜ್ಞೆ, ಕಡತದ ಹೆಸರು, ಜಾಲತಾಣದ ವಿಳಾಸ, ಸೂತ್ರ ಮುಂತಾದವು. ಇಲ್ಲಿ ಯಂತ್ರದ ನಿಯಮ ಮಾತ್ರ ಅನ್ವಯವಾಗುತ್ತದೆ. ಸಾಮಾನ್ಯವಾಗಿ ಈ ಭಾಗವನ್ನು ಎಲ್ಲ ಅಕ್ಷರಗಳೂ ಸಮಾನ ಅಗಲವಿರುವ ಅಚ್ಚಿನಲ್ಲಿ ಅಥವಾ ಬೇರೆ ಬಣ್ಣದ ಚೌಕದಲ್ಲಿ ತೋರಿಸಲಾಗಿರುತ್ತದೆ.

ತಿದ್ದುಪಡಿ ಮಾಡುವವರು ಮೊದಲು ತಾವು ನೋಡುತ್ತಿರುವುದು ಯಾವ ಭಾಗ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಓದುವ ಭಾಗದಲ್ಲಿ ವ್ಯಾಕರಣವನ್ನು ನೋಡಿ ತಿದ್ದಬಹುದು. ಟೈಪು ಮಾಡುವ ಭಾಗವನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಕಂಡ ನಂತರವೇ ತಿದ್ದಬೇಕು. ಮುಂದಿನ ಎಲ್ಲ ಸೂಚನೆಗಳೂ ಈ ಒಂದು ನಿಯಮದ ವಿಸ್ತರಣೆಯಾಗಿರುತ್ತವೆ.

3. ಲೇಖನ ಚಿಹ್ನೆಗಳು

3.1 ಕಿರುಗೆರೆ

ಕಣ್ಣಿಗೆ ಒಂದೇ ರೀತಿ ಕಾಣುವ ಅಡ್ಡಗೆರೆಗಳು ಯೂನಿಕೋಡ್ ಶಿಷ್ಟತೆಯಲ್ಲಿ ಹಲವಾರಿವೆ. ಕೀಲಿಮಣೆಯಲ್ಲಿ ದೊರೆಯುವ ಸಾಧಾರಣ ಕಿರುಗೆರೆ ಒಂದು. ಪದಗಳನ್ನು ಜೋಡಿಸುವ ಹೈಫನ್ ಇನ್ನೊಂದು. ಅದರ ಸಂಕೇತಸಂಖ್ಯೆ 2010. ಅವಧಿ ಅಥವಾ ವ್ಯಾಪ್ತಿಯನ್ನು ತೋರಿಸುವ ಉದ್ದ ಗೆರೆಯ ಸಂಕೇತಸಂಖ್ಯೆ 2013. ಗಣಿತದ ಕಳೆಯುವ ಚಿಹ್ನೆಯ ಸಂಕೇತಸಂಖ್ಯೆ 2212. ಆಜ್ಞೆಗಳ ಆಯ್ಕೆಗಳನ್ನು ಸೂಚಿಸಲು ಕಂಪ್ಯೂಟರ್ ಒಪ್ಪುವುದು ಕೀಲಿಮಣೆಯ ಸಾಧಾರಣ ಕಿರುಗೆರೆಯನ್ನು ಮಾತ್ರ.

ಯೂನಿಕ್ಸ್ ಮತ್ತು ಲಿನಕ್ಸ್ ವ್ಯವಸ್ಥೆಗಳ ಕೈಪಿಡಿ ಪುಟಗಳು ಇದಕ್ಕೆ ಉತ್ತಮ ನಿದರ್ಶನ. ಅವುಗಳನ್ನು ಬರೆಯುವ ರೋಫ್ ಎಂಬ ಪದ್ಧತಿಯಲ್ಲಿ ಬರಿಯ ಕಿರುಗೆರೆ ಬರೆದರೆ ಹೈಫನ್ ಎಂದು ಅರ್ಥ. ಕಿರುಗೆರೆಯ ಹಿಂದೆ ಹಿಮ್ಮುಖ ಓರೆಗೆರೆಯನ್ನು ಸೇರಿಸಿ \- ಎಂದು ಬರೆದರೆ ಮಾತ್ರ ಆಜ್ಞೆಯ ಕಿರುಗೆರೆ. ಈ ವ್ಯತ್ಯಾಸವನ್ನು ಗಮನಿಸದೆ ಬರೆದ ಪುಟಗಳು ಬಹಳಷ್ಟಿವೆ. ಅಂತಹ ಪುಟ ಪರದೆಯ ಮೇಲೆ ಸರಿಯಾಗಿಯೇ ಕಾಣುತ್ತದೆ. ಆದರೆ ಓದುಗರು ಅದರಿಂದ ಆಜ್ಞೆಯನ್ನು ನಕಲು ಮಾಡಿ ಅಂಟಿಸಿದಾಗ, 2010 ಸಂಕೇತದ ಹೈಫನ್ ಬಂದು ಸೇರಿ, ಕಂಪ್ಯೂಟರ್ ಅದನ್ನು ಆಯ್ಕೆ ಎಂದು ಗುರುತಿಸುವುದಿಲ್ಲ. ಪುಟದೊಳಗೆ ಆ ಆಯ್ಕೆಯನ್ನು ಹುಡುಕಿದರೂ ಸಿಗುವುದಿಲ್ಲ. 2023ರಲ್ಲಿ ಬಿಡುಗಡೆಯಾದ ಗ್ರೋಫ್ 1.23 ಆವೃತ್ತಿಯು ಈ ಎರಡು ಚಿಹ್ನೆಗಳನ್ನು ಕಟ್ಟುನಿಟ್ಟಾಗಿ ಬೇರ್ಪಡಿಸಿತು. ತಪ್ಪಾಗಿ ಬರೆದ ಹಳೆಯ ಪುಟಗಳು ಆಗ ಬಯಲಿಗೆ ಬಂದವು. ಬಳಕೆದಾರರಿಗೆ ತೊಂದರೆಯಾಗದಿರಲೆಂದು ಡೆಬಿಯನ್ ಯೋಜನೆಯು ತನ್ನ ಮಟ್ಟಿಗೆ ಎರಡನ್ನೂ ಸಾಧಾರಣ ಕಿರುಗೆರೆಯಾಗಿಯೇ ತೋರಿಸುವ ವ್ಯವಸ್ಥೆಯನ್ನು ಉಳಿಸಿಕೊಂಡಿತು. ಇಂತಹ ಪುಟಗಳನ್ನು ಒಂದೊಂದಾಗಿ ತಿದ್ದುವುದು ಹೊಸಬರೂ ಮಾಡಬಹುದಾದ ಉಪಯುಕ್ತ ಕೆಲಸವಾಗಿದೆ.

ಎರಡು ಕಿರುಗೆರೆಗಳು ಒಟ್ಟಿಗೆ ಬರುವಲ್ಲಿ ಮತ್ತೊಂದು ತೊಡಕು ಇದೆ. ಟೆಕ್ ಮತ್ತು ಟೆಕ್ಸ್‌ಇನ್ಫೋ ಪದ್ಧತಿಗಳಲ್ಲಿ ವಾಕ್ಯದ ನಡುವೆ -- ಎಂದು ಬರೆದರೆ ಅದು ಒಂದೇ ಉದ್ದ ಗೆರೆಯಾಗಿ ಮಾರ್ಪಡುತ್ತದೆ. ಪೂರ್ಣ ಪದದ ಆಯ್ಕೆಗಳು ಎರಡು ಕಿರುಗೆರೆಗಳಿಂದಲೇ ಆರಂಭವಾಗುವುದರಿಂದ, ಅವುಗಳನ್ನು ಟೈಪು ಮಾಡುವ ಭಾಗವೆಂದು ಗುರುತು ಹಾಕದಿದ್ದರೆ ಆಯ್ಕೆಯೇ ಕೆಡುತ್ತದೆ. ಇಲ್ಲಿ ಮಾಡಬೇಕಾದ ತಿದ್ದುಪಡಿ ಗೆರೆಯನ್ನು ಬದಲಿಸುವುದಲ್ಲ, ಗುರುತನ್ನು ಸೇರಿಸುವುದು.

3.2 ಉದ್ಧರಣ ಚಿಹ್ನೆಗಳು

ಪುಸ್ತಕಗಳಲ್ಲಿ “ ” ಮತ್ತು ‘ ’ ಎಂಬ ಬಾಗಿದ ಚಿಹ್ನೆಗಳು ಶೋಭೆ ನೀಡುತ್ತವೆ. ಆಜ್ಞೆಗಳಲ್ಲಿ " ಮತ್ತು ' ಎಂಬ ನೇರ ಚಿಹ್ನೆಗಳೇ ಇರಬೇಕು. ಖಾಲಿ ಸ್ಥಳವಿರುವ ಕಡತದ ಹೆಸರನ್ನು ನೇರ ಚಿಹ್ನೆಗಳ ನಡುವೆ ಬರೆದರೆ ಕಂಪ್ಯೂಟರ್ ಅದನ್ನು ಒಂದೇ ಹೆಸರೆಂದು ತಿಳಿಯುತ್ತದೆ. ಬಾಗಿದ ಚಿಹ್ನೆಗಳ ನಡುವೆ ಬರೆದರೆ ಚಿಹ್ನೆಯನ್ನೂ ಹೆಸರಿನ ಭಾಗವೆಂದು ತಿಳಿದು, ಹೆಸರನ್ನು ತುಂಡು ಮಾಡಿ, ಕಡತವಿಲ್ಲವೆಂದು ವರದಿ ಮಾಡುತ್ತದೆ.

ಬಾಗಿದ ಚಿಹ್ನೆಗಳು ಹೆಚ್ಚಾಗಿ ಬರುವುದು ಬರೆದವರ ತಪ್ಪಿನಿಂದಲ್ಲ. ಲಿಬ್ರೆಆಫೀಸ್ ರೈಟರ್ ಮುಂತಾದ ಬರವಣಿಗೆಯ ತಂತ್ರಾಂಶಗಳು ಟೈಪು ಮಾಡುತ್ತಿರುವಂತೆಯೇ ಅವುಗಳನ್ನು ತಾವಾಗಿ ಬದಲಿಸುತ್ತವೆ. ಬದಲಾದ ತಕ್ಷಣ ಕಂಟ್ರೋಲ್ ಮತ್ತು ಜೆಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆ ಬದಲಾವಣೆ ಮಾತ್ರ ರದ್ದಾಗುತ್ತದೆ. ಶಾಶ್ವತವಾಗಿ ನಿಲ್ಲಿಸಲು ಟೂಲ್ಸ್ ಪಟ್ಟಿಯಲ್ಲಿರುವ ಆಟೋಕರೆಕ್ಟ್ ಆಯ್ಕೆಗಳಿಗೆ ಹೋಗಿ, ಉದ್ಧರಣ ಚಿಹ್ನೆಗಳ ಬದಲಾವಣೆಯನ್ನು ತೆಗೆಯಬೇಕು. ಕೈಪಿಡಿಗಳನ್ನು ಜಾಲಪುಟಗಳಾಗಿ ಪರಿವರ್ತಿಸುವ ಸ್ಫಿಂಕ್ಸ್ ತಂತ್ರಾಂಶದಲ್ಲಿಯೂ ಇಂತಹ ಸ್ವಯಂಚಾಲಿತ ಬದಲಾವಣೆ ಇದೆ. ಟೈಪು ಮಾಡುವ ಭಾಗವೆಂದು ಗುರುತಿಸಿದ ಬರಹವನ್ನು ಅದು ಬದಲಿಸುವುದಿಲ್ಲ.

3.3 ಪೂರ್ಣವಿರಾಮ

ವಾಕ್ಯದ ಕೊನೆಯಲ್ಲಿ ಆಜ್ಞೆ ಅಥವಾ ಜಾಲತಾಣದ ವಿಳಾಸ ಬಂದಾಗ, ಅದಕ್ಕೆ ಅಂಟಿದ ಪೂರ್ಣವಿರಾಮವನ್ನೂ ಓದುಗರು ನಕಲು ಮಾಡುವ ಸಂಭವವಿರುತ್ತದೆ. ಲಿನಕ್ಸ್ ಆಜ್ಞೆಗಳಲ್ಲಿ ಒಂಟಿ ಬಿಂದುವಿಗೆ ಈಗ ಕೆಲಸ ಮಾಡುತ್ತಿರುವ ಕಡತಕೋಶ ಎಂಬ ಅರ್ಥವಿದೆ. ಕಡತದ ಹೆಸರು ಬಿಂದುವಿನಿಂದ ಆರಂಭವಾದರೆ ಅದು ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣದ ಕಡತವಾಗುತ್ತದೆ. ಆದ್ದರಿಂದ ವಾಕ್ಯವನ್ನೇ ಮಾರ್ಪಡಿಸಿ, ಆಜ್ಞೆಯನ್ನು ಪ್ರತ್ಯೇಕ ಸಾಲಿನಲ್ಲಿ ಇಡುವುದು ಸೂಕ್ತ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಯಲ್ಲಿ ಬರುವುದರಿಂದ ಇದು ಸುಲಭ: ‘ಕೆಳಗಿನ ಆಜ್ಞೆಯನ್ನು ನೀಡಿ’ ಎಂದು ವಾಕ್ಯವನ್ನು ಮುಗಿಸಿ, ಆಜ್ಞೆಯನ್ನು ಮುಂದಿನ ಸಾಲಿಗೆ ತರಬಹುದು.

ಆವೃತ್ತಿಯ ಸಂಖ್ಯೆಯಲ್ಲಿ ಬರುವ ಬಿಂದು ದಶಮಾಂಶವಲ್ಲ. ಪೈಥಾನ್ 3.10 ಎಂಬುದು 3.9ರ ನಂತರದ ಆವೃತ್ತಿ. ಕೊನೆಯ ಸೊನ್ನೆಯನ್ನು ತೆಗೆದು 3.1 ಎಂದು ಬರೆದರೆ ಬೇರೆಯೇ ಹಳೆಯ ಆವೃತ್ತಿಯಾಗುತ್ತದೆ. ಉಬುಂಟು 10.04 ಎಂದರೆ 2010ನೇ ಇಸವಿಯ ನಾಲ್ಕನೇ ತಿಂಗಳಿನಲ್ಲಿ ಹೊರಬಂದದ್ದು ಎಂದರ್ಥ; ಅದನ್ನು 10.4 ಎಂದು ತಿದ್ದುವಂತಿಲ್ಲ.

3.4 ಖಾಲಿ ಸ್ಥಳ

ಖಾಲಿ ಸ್ಥಳವನ್ನೂ ಲೇಖನ ಚಿಹ್ನೆಯೆಂದೇ ಪರಿಗಣಿಸತಕ್ಕದ್ದು. 2011ರಲ್ಲಿ ಬಂಬಲ್‌ಬೀ ಎಂಬ ಮುಕ್ತ ತಂತ್ರಾಂಶದ ಅನುಸ್ಥಾಪನೆಯ ಆಜ್ಞೆಗಳಲ್ಲಿ, ಅಳಿಸಬೇಕಾದ ಕಡತಕೋಶದ ಹೆಸರಿನ ನಡುವೆ ಒಂದು ಹೆಚ್ಚಿನ ಖಾಲಿ ಸ್ಥಳ ಸೇರಿಕೊಂಡಿತ್ತು. ಒಂದು ಹೆಸರು ಎರಡಾಗಿ ಒಡೆದು, ವ್ಯವಸ್ಥೆಯ ಬಹುಪಾಲು ತಂತ್ರಾಂಶಗಳಿರುವ ಯುಎಸ್‌ಆರ್ ಎಂಬ ಕಡತಕೋಶವನ್ನೇ ಅಳಿಸುವ ಆಜ್ಞೆಯಾಗಿ ಅದು ಮಾರ್ಪಟ್ಟಿತು. ತಪ್ಪನ್ನು ಸರಿಪಡಿಸಲು ಮಾಡಬೇಕಾದುದು ಆ ಒಂದು ಖಾಲಿ ಸ್ಥಳವನ್ನು ತೆಗೆಯುವುದಷ್ಟೇ ಆಗಿತ್ತು. ಕೈಪಿಡಿಯಲ್ಲಿ ಅಳಿಸುವ ಆಜ್ಞೆಗಳು ಇರುವ ಕಡೆ ತಿದ್ದುವವರು ವಿಶೇಷ ಎಚ್ಚರಿಕೆ ವಹಿಸಬೇಕು. ಬೆಲೆಬಾಳುವ ಕಡತಗಳಿರುವ ಕಂಪ್ಯೂಟರಿನಲ್ಲಿ ಅವುಗಳನ್ನು ಪರೀಕ್ಷಿಸಬಾರದು.

3.5 ಕನ್ನಡ ಬರಹಕ್ಕೆ ವಿಶೇಷವಾದ ಅಂಶಗಳು

(ಅ) ವಿಸರ್ಗ ಮತ್ತು ವಿವರಣ ಚಿಹ್ನೆ: ‘ದುಃಖ’, ‘ಅಂತಃಕರಣ’ ಮುಂತಾದ ಪದಗಳಲ್ಲಿ ವಿಸರ್ಗದ ಬದಲಾಗಿ : ಚಿಹ್ನೆಯನ್ನು ಟೈಪು ಮಾಡುವ ರೂಢಿ ಇದೆ. ಕಣ್ಣಿಗೆ ವ್ಯತ್ಯಾಸ ಕಾಣದಿದ್ದರೂ ಪದವು ಅಲ್ಲಿಗೆ ತುಂಡಾಗಿ, ಹುಡುಕಾಟದಲ್ಲಿ ದೊರೆಯುವುದಿಲ್ಲ. ಹಾಗೆಯೇ ‘ಸೂಚನೆ:’ ಎಂಬಲ್ಲಿ ವಿಸರ್ಗವನ್ನು ಬಳಸಬಾರದು.

(ಆ) ಅನುಸ್ವಾರ ಮತ್ತು ಸೊನ್ನೆ: ‘ಸಂಖ್ಯೆ’ ಎಂಬುದನ್ನು ಕನ್ನಡದ ಸೊನ್ನೆ ಬಳಸಿ ‘ಸ೦ಖ್ಯೆ’ ಎಂದು ಟೈಪು ಮಾಡಿರುವ ಬರಹಗಳು ಸಾಕಷ್ಟಿವೆ. ಇವೆರಡೂ ಕಂಪ್ಯೂಟರಿಗೆ ಬೇರೆ ಬೇರೆ ಪದಗಳು. ಇಂತಹವುಗಳನ್ನು ಕಂಡಲ್ಲಿ ತಿದ್ದಬೇಕು.

(ಇ) ದಂಡ ಮತ್ತು ನಿಲುಗೆರೆ: ಹಳೆಯ ಕಾವ್ಯಗಳಲ್ಲಿ ಬರುವ ದಂಡದ ಸಂಕೇತಸಂಖ್ಯೆ 0964. ಒಂದು ಆಜ್ಞೆಯ ಫಲಿತಾಂಶವನ್ನು ಇನ್ನೊಂದಕ್ಕೆ ಕಳುಹಿಸುವ | ಚಿಹ್ನೆ ಬೇರೆ. ಕನ್ನಡ ಕೀಲಿಮಣೆ ವಿನ್ಯಾಸದಲ್ಲಿರುವಾಗ ಆಜ್ಞೆಗಳನ್ನು ಟೈಪು ಮಾಡಬಾರದು.

(ಈ) ಕಾಣದ ವಿಭಾಜಕ: ‘ಸಾಫ್ಟ್‌ವೇರ್’ ಎಂದು ಬಿಡಿಸಿ ತೋರಿಸಲು ಟ್ ಮತ್ತು ವೇ ನಡುವೆ ಶೂನ್ಯ ಅಗಲದ ವಿಭಾಜಕವೊಂದು ಇರುತ್ತದೆ, ಅದಿಲ್ಲದಿದ್ದರೆ ‘ಸಾಫ್ಟ್ವೇರ್’ ಎಂದು ಒತ್ತಕ್ಷರವಾಗುತ್ತದೆ. ಒಂದು ಕೈಪಿಡಿಯಲ್ಲಿ ಒಂದೇ ರೂಪವನ್ನು ಪಾಲಿಸಬೇಕು. ಓದುವ ಭಾಗದಲ್ಲಿ ಅಗತ್ಯವಾದ ಈ ವಿಭಾಜಕವು ಟೈಪು ಮಾಡುವ ಭಾಗದಲ್ಲಿ ಸೇರಿಕೊಂಡರೆ, ಯಾರ ಕಣ್ಣಿಗೂ ಕಾಣದ ದೋಷವಾಗಿ ಪರಿಣಮಿಸುತ್ತದೆ.

4. ಸಂಕ್ಷೇಪಾಕ್ಷರಗಳು

4.1 ಲ್ಯಾಟಿನ್ ಸಂಕ್ಷೇಪಗಳು

ಇಂಗ್ಲಿಷ್ ಕೈಪಿಡಿಗಳಲ್ಲಿ ‘ಉದಾಹರಣೆಗೆ’ ಎಂಬರ್ಥದ ಇ.ಜಿ. ಮತ್ತು ‘ಅಂದರೆ’ ಎಂಬರ್ಥದ ಐ.ಇ. ಎಂಬ ಲ್ಯಾಟಿನ್ ಸಂಕ್ಷೇಪಗಳು ಹೆಚ್ಚಾಗಿ ಬರುತ್ತವೆ. ಇವೆರಡನ್ನೂ ಒಂದರ ಬದಲು ಇನ್ನೊಂದಾಗಿ ಬಳಸುವ ತಪ್ಪು ಸಾಮಾನ್ಯ. ಇದರಿಂದ ಅರ್ಥವೇ ಬದಲಾಗುತ್ತದೆ. ‘ಚಿತ್ರದ ಕಡತ, ಉದಾಹರಣೆಗೆ ಜೆಪೆಗ್’ ಎಂದರೆ ಬೇರೆ ಬಗೆಯ ಕಡತಗಳಿಗೂ ಅವಕಾಶವಿದೆ; ‘ಚಿತ್ರದ ಕಡತ, ಅಂದರೆ ಜೆಪೆಗ್’ ಎಂದರೆ ಜೆಪೆಗ್ ಮಾತ್ರ. ಬ್ರಿಟನ್ ಸರ್ಕಾರವು ತನ್ನ ಸಾರ್ವಜನಿಕ ಜಾಲತಾಣದಲ್ಲಿ ಈ ಸಂಕ್ಷೇಪಗಳನ್ನು ಹಂತಹಂತವಾಗಿ ಕೈಬಿಡುವುದಾಗಿ 2016ರಲ್ಲಿ ತಿಳಿಸಿತು. ದೃಷ್ಟಿದೋಷವುಳ್ಳವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಗಳು ಇವುಗಳನ್ನು ತಪ್ಪಾಗಿ ಉಚ್ಚರಿಸುವುದು ಅದಕ್ಕೆ ನೀಡಲಾದ ಕಾರಣಗಳಲ್ಲಿ ಒಂದು. ಕನ್ನಡಕ್ಕೆ ಅನುವಾದಿಸುವಾಗ ‘ಉದಾ.’ ಎಂಬುದರ ಬದಲು ‘ಉದಾಹರಣೆಗೆ’ ಎಂದು ಪೂರ್ಣವಾಗಿ ಬರೆಯುವುದು ಇದೇ ಕಾರಣಕ್ಕಾಗಿ ಉತ್ತಮ.

4.2 ಅಳತೆಯ ಸಂಕ್ಷೇಪಗಳು

ರೋಮನ್ ಲಿಪಿಯಲ್ಲಿ ದೊಡ್ಡಕ್ಷರ ಮತ್ತು ಸಣ್ಣಕ್ಷರ ಎಂಬ ಭೇದವಿದೆ. ಕನ್ನಡ ಲಿಪಿಯಲ್ಲಿ ಇಲ್ಲ. ಆದ್ದರಿಂದ ರೋಮನ್ ಸಂಕ್ಷೇಪವನ್ನು ಕನ್ನಡಕ್ಕೆ ತಂದಾಗ ಅರ್ಥದ ಒಂದು ಭಾಗ ಕಳೆದುಹೋಗುತ್ತದೆ. ಅಳತೆಯಲ್ಲಿ ದೊಡ್ಡಕ್ಷರದ ಬಿ ಬೈಟ್ ಅನ್ನು, ಸಣ್ಣಕ್ಷರದ ಬಿ ಬಿಟ್ ಅನ್ನು ಸೂಚಿಸುತ್ತದೆ. ಒಂದು ಬೈಟ್‌ಗೆ 8 ಬಿಟ್‌ಗಳು. ಕನ್ನಡದಲ್ಲಿ ಎರಡೂ ‘ಎಂಬಿ’ ಆಗುತ್ತವೆ. ಸೆಕೆಂಡಿಗೆ 8 ಮೆಗಾಬಿಟ್ ವೇಗದ ಸಂಪರ್ಕದಲ್ಲಿ 700 ಮೆಗಾಬೈಟ್ ಕಡತವನ್ನು ಇಳಿಸಿಕೊಳ್ಳಲು ಕನಿಷ್ಠ 700 ಸೆಕೆಂಡು, ಅಂದರೆ 11 ನಿಮಿಷ 40 ಸೆಕೆಂಡು ಬೇಕು. ‘8 ಎಂಬಿ’ ಎಂಬುದನ್ನು ಮೆಗಾಬೈಟ್ ಎಂದು ತಿಳಿದವರು ಒಂದೂವರೆ ನಿಮಿಷ ಕಾದು, ಏನೋ ಕೆಟ್ಟಿದೆ ಎಂದು ಭಾವಿಸುತ್ತಾರೆ. ಕನ್ನಡ ಕೈಪಿಡಿಗಳಲ್ಲಿ ‘ಮೆಗಾಬಿಟ್’, ‘ಮೆಗಾಬೈಟ್’ ಎಂದೇ ಬರೆಯತಕ್ಕದ್ದು.

ಕಿಲೋಬೈಟ್ ಎಂಬುದರಲ್ಲಿಯೂ 1,000 ಬೈಟ್ ಮತ್ತು 1,024 ಬೈಟ್ ಎಂಬ ಎರಡು ರೂಢಿಗಳಿವೆ. ಈ ಗೊಂದಲವನ್ನು ನಿವಾರಿಸಲು ಅಂತರರಾಷ್ಟ್ರೀಯ ವಿದ್ಯುತ್ತಾಂತ್ರಿಕ ಆಯೋಗವು 1998ರಲ್ಲಿ 1,024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್ ಎಂಬ ಹೊಸ ಹೆಸರುಗಳನ್ನು ನೀಡಿತು. ಅರ್ಜಿದಾರರಿಗೆ ಇದರ ಪರಿಣಾಮ ನೇರವಾದುದು: ಭಾವಚಿತ್ರದ ಮಿತಿ 50 ಕಿಲೋಬೈಟ್ ಎಂದಿದ್ದರೆ, 51,000 ಬೈಟ್‌ನ ಚಿತ್ರವು 1,024ರ ಲೆಕ್ಕದಲ್ಲಿ ಮಿತಿಯೊಳಗೂ 1,000ದ ಲೆಕ್ಕದಲ್ಲಿ ಮಿತಿಯ ಹೊರಗೂ ಇರುತ್ತದೆ. ಚಿತ್ರವನ್ನು ಸಣ್ಣ ಲೆಕ್ಕಕ್ಕೆ ಹೊಂದಿಸಿಕೊಂಡರೆ ಎರಡೂ ಕಡೆ ಅಂಗೀಕಾರವಾಗುತ್ತದೆ.

ಆಜ್ಞೆಗಳ ಆಯ್ಕೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಬರಹದೊಳಗೆ ಹುಡುಕುವ ಗ್ರೆಪ್ ಆಜ್ಞೆಯಲ್ಲಿ ಸಣ್ಣಕ್ಷರದ ವಿ ಹೊಂದಿಕೆಯಾಗದ ಸಾಲುಗಳನ್ನು ತೋರಿಸುತ್ತದೆ. ದೊಡ್ಡಕ್ಷರದ ವಿ ಆವೃತ್ತಿಯ ಸಂಖ್ಯೆಯನ್ನು ತೋರಿಸುತ್ತದೆ. ಕನ್ನಡದಲ್ಲಿ ವಿವರಿಸುವಾಗ ದೊಡ್ಡಕ್ಷರವೇ ಸಣ್ಣಕ್ಷರವೇ ಎಂಬುದನ್ನು ತಪ್ಪದೆ ಹೇಳಬೇಕು.

4.3 ಕನ್ನಡದ ಸಂಕ್ಷೇಪಗಳು

ಕಚೇರಿ ಬರವಣಿಗೆಯಲ್ಲಿ ರೂಢಿಯಲ್ಲಿರುವ ಕೆಲವು ಸಂಕ್ಷೇಪಗಳಿಗೆ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ. ‘ದಿ.’ ಎಂಬುದು ತಾರೀಖಿನ ಹಿಂದೆ ದಿನಾಂಕವನ್ನು, ವ್ಯಕ್ತಿಯ ಹೆಸರಿನ ಹಿಂದೆ ದಿವಂಗತ ಎಂಬುದನ್ನು ಸೂಚಿಸುತ್ತದೆ. ‘ತಾ.’ ಎಂಬುದು ತಾಲ್ಲೂಕೂ ಆಗಬಹುದು, ತಾರೀಖೂ ಆಗಬಹುದು. ‘ಸಂ.’ ಎಂಬುದಕ್ಕೆ ಸಂಖ್ಯೆ, ಸಂಪುಟ, ಸಂಪಾದಕ ಎಂಬ ಅರ್ಥಗಳಿವೆ. ಕಾಗದದ ಮೇಲೆ ಸುತ್ತಲಿನ ಪದಗಳಿಂದ ಅರ್ಥ ತಿಳಿಯುತ್ತದೆ. ತಂತ್ರಾಂಶದ ಅನುವಾದದಲ್ಲಿ ಒಂದೊಂದು ಪದವೂ ಸುತ್ತಲಿನ ಪದಗಳಿಲ್ಲದೆ ಒಂಟಿಯಾಗಿ ಪರದೆಯ ಮೇಲೆ ಬರುವುದರಿಂದ ಈ ಆಧಾರ ಇರುವುದಿಲ್ಲ. ಸ್ಥಳವಿರುವಲ್ಲಿ ಪೂರ್ಣ ಪದವನ್ನೇ ಬಳಸಬೇಕು. ಸ್ಥಳವಿಲ್ಲದಿದ್ದಲ್ಲಿ ಮೊದಲ ಬಾರಿ ಪೂರ್ಣವಾಗಿ ಬರೆದು, ನಂತರ ಸಂಕ್ಷೇಪವನ್ನು ಬಳಸಬಹುದು. ಸಂಕ್ಷೇಪದ ಬಿಂದುಗಳನ್ನು ಕೈಪಿಡಿಯ ಉದ್ದಕ್ಕೂ ಒಂದೇ ರೀತಿ ಇಡಬೇಕು. ಒಂದು ಪುಟದಲ್ಲಿ ‘ಕಿ.ಮೀ.’, ಇನ್ನೊಂದರಲ್ಲಿ ‘ಕಿಮೀ’ ಎಂದಾಗಬಾರದು.

4.4 ದಿನಾಂಕ ಮತ್ತು ಅಂಕಿಗಳು

01/02/2010 ಎಂಬುದು ಭಾರತದಲ್ಲಿ ಫೆಬ್ರವರಿ 1. ಅಮೆರಿಕದಲ್ಲಿ ಜನವರಿ 2. ಅನೇಕ ದೇಶದವರು ಓದುವ ಕೈಪಿಡಿಯಲ್ಲಿ ತಿಂಗಳ ಹೆಸರನ್ನು ಬರೆಯಬೇಕು ಅಥವಾ ಅಂತರರಾಷ್ಟ್ರೀಯ ಶಿಷ್ಟತೆ 8601ರಂತೆ 2010-02-01 ಎಂದು ಬರೆಯಬೇಕು. ಒಂದು ಲಕ್ಷವನ್ನು ನಾವು 1,00,000 ಎಂದೂ ಇತರರು 100,000 ಎಂದೂ ಬರೆಯುತ್ತೇವೆ. ಇವುಗಳಲ್ಲಿ ಯಾವುದೂ ತಪ್ಪಲ್ಲವಾದುದರಿಂದ ಮೂಲ ಕೈಪಿಡಿಯ ಪದ್ಧತಿಯನ್ನು ಬದಲಿಸುವಂತಿಲ್ಲ. ಸೂತ್ರಗಳ ಒಳಗೆ ಅಲ್ಪವಿರಾಮವನ್ನು ಸೇರಿಸಲೇಬಾರದು. ಲಿಬ್ರೆಆಫೀಸ್ ಕ್ಯಾಲ್ಕ್ ಸೂತ್ರಗಳಲ್ಲಿ ಅಲ್ಪವಿರಾಮ ಬರಬೇಕೇ ಅರ್ಧವಿರಾಮ ಬರಬೇಕೇ ಎಂಬುದು ಆಯಾ ಕಂಪ್ಯೂಟರಿನ ಭಾಷೆ ಮತ್ತು ಪ್ರದೇಶದ ಹೊಂದಿಕೆಯನ್ನು ಅವಲಂಬಿಸಿರುತ್ತದೆ.

5. ಮೂಲವನ್ನು ತಿದ್ದಿದಾಗ ಅನುವಾದಕ್ಕೆ ಆಗುವ ಪರಿಣಾಮ

ಈ ಅಂಶವನ್ನು ಕನ್ನಡದ ಓದುಗರು ವಿಶೇಷವಾಗಿ ಗಮನಿಸಬೇಕು. ಬಹಳಷ್ಟು ಮುಕ್ತ ತಂತ್ರಾಂಶಗಳ ಅನುವಾದವನ್ನು ಗೆಟ್‌ಟೆಕ್ಸ್ಟ್ ಎಂಬ ವ್ಯವಸ್ಥೆಯ ಮೂಲಕ ನಿರ್ವಹಿಸಲಾಗುತ್ತದೆ. ಇದರಲ್ಲಿ ಪ್ರತಿಯೊಂದು ಇಂಗ್ಲಿಷ್ ವಾಕ್ಯದ ಕೆಳಗೆ ಕನ್ನಡ ವಾಕ್ಯವಿರುತ್ತದೆ; ಇಂಗ್ಲಿಷ್ ವಾಕ್ಯವೇ ಅದನ್ನು ಹುಡುಕುವ ಕೀಲಿ. ಮೂಲದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಕೀಲಿ ಬದಲಾಗುತ್ತದೆ. ಆಗ ವ್ಯವಸ್ಥೆಯು ಹಳೆಯ ಅನುವಾದಕ್ಕೆ ‘ಅಸ್ಪಷ್ಟ’ ಎಂಬ ಗುರುತು ಹಾಕುತ್ತದೆ. ಅನುವಾದಕರು ಪರಿಶೀಲಿಸಿ ಆ ಗುರುತನ್ನು ತೆಗೆಯುವವರೆಗೆ ಬಳಕೆದಾರರಿಗೆ ಕನ್ನಡದ ಬದಲು ಇಂಗ್ಲಿಷ್ ವಾಕ್ಯವೇ ಕಾಣುತ್ತದೆ.

ಅನುವಾದಕರು ಹೆಚ್ಚಿರುವ ಭಾಷೆಗಳಲ್ಲಿ ಇದು ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಅನುವಾದಕರು ಕಡಿಮೆಯಿರುವ ಭಾಷೆಗಳಲ್ಲಿ ಒಂದು ಬಿಡುಗಡೆಯಿಂದ ಇನ್ನೊಂದರವರೆಗೆ ಹಾಗೆಯೇ ಉಳಿಯುತ್ತದೆ. ಒಬ್ಬರು ಸದುದ್ದೇಶದಿಂದ ನೂರು ವಾಕ್ಯಗಳ ಕೊನೆಗೆ ಪೂರ್ಣವಿರಾಮ ಸೇರಿಸಿದರೆ, ಎಲ್ಲ ಭಾಷೆಗಳಲ್ಲಿಯೂ ನೂರು ಅನುವಾದಗಳು ಮರೆಯಾಗುತ್ತವೆ. ಇದೇ ಕಾರಣಕ್ಕಾಗಿ ಗ್ನೋಮ್ ಮುಂತಾದ ಯೋಜನೆಗಳಲ್ಲಿ ಬಿಡುಗಡೆಗೆ ಮುನ್ನ ಮೂಲ ವಾಕ್ಯಗಳನ್ನು ಬದಲಿಸಬಾರದೆಂಬ ನಿರ್ಬಂಧದ ಅವಧಿ ಇರುತ್ತದೆ. ಆದ್ದರಿಂದ:

(ಅ) ಅರ್ಥ ಅಥವಾ ಕಾರ್ಯಕ್ಕೆ ಧಕ್ಕೆ ತರುವ ದೋಷಗಳನ್ನು ಯಾವಾಗಲೂ ವರದಿ ಮಾಡಿರಿ.
(ಆ) ಕೇವಲ ಅಂದಕ್ಕೆ ಸಂಬಂಧಿಸಿದ ಮೂಲ ತಿದ್ದುಪಡಿಗಳನ್ನು ಮುಂದಿನ ಬಿಡುಗಡೆಯ ಕೆಲಸ ಆರಂಭವಾದ ನಂತರ, ಒಟ್ಟಾಗಿ ಸಲ್ಲಿಸಿರಿ.
(ಇ) ದೋಷವು ಕನ್ನಡ ಅನುವಾದದಲ್ಲಿ ಮಾತ್ರ ಇದ್ದರೆ, ಮೂಲವನ್ನು ಮುಟ್ಟದೆ ಅನುವಾದವನ್ನು ಮಾತ್ರ ತಿದ್ದಿರಿ. ಇದರಿಂದ ಬೇರೆ ಭಾಷೆಯವರಿಗೆ ಯಾವ ತೊಂದರೆಯೂ ಆಗುವುದಿಲ್ಲ.

6. ತಿದ್ದುಪಡಿ ಸಲ್ಲಿಸುವ ವಿಧಾನ

6.1 ಮೊದಲು ಕೈಪಿಡಿಯ ಇತ್ತೀಚಿನ ಆವೃತ್ತಿಯನ್ನು ನೋಡಿ, ದೋಷವು ಈಗಾಗಲೇ ಸರಿಯಾಗಿದೆಯೇ ಎಂದು ಪರಿಶೀಲಿಸಬೇಕು.

6.2 ಆ ಯೋಜನೆಗೆ ತನ್ನದೇ ಆದ ಬರವಣಿಗೆಯ ನಿಯಮಾವಳಿ ಇದೆಯೇ ಎಂದು ನೋಡಬೇಕು. ನಮಗೆ ತಪ್ಪೆಂದು ಕಂಡದ್ದು ಅಲ್ಲಿ ಒಪ್ಪಿತ ಪದ್ಧತಿಯಾಗಿರಬಹುದು.

6.3 ವರದಿಯಲ್ಲಿ ಕೈಪಿಡಿಯ ಹೆಸರು, ಆವೃತ್ತಿ, ವಿಭಾಗದ ಶೀರ್ಷಿಕೆ, ಈಗಿರುವ ಬರಹ, ಇರಬೇಕಾದ ಬರಹ ಮತ್ತು ಕಾರಣ ಇವು ಆರನ್ನೂ ನಮೂದಿಸಬೇಕು. ಚಿಹ್ನೆಗಳು ನೋಡಲು ಒಂದೇ ರೀತಿ ಇದ್ದರೆ ಅವುಗಳ ಯೂನಿಕೋಡ್ ಸಂಕೇತಸಂಖ್ಯೆಯನ್ನು ಬರೆಯಬೇಕು.

6.4 ಡೆಬಿಯನ್ ಕೈಪಿಡಿಗಳ ದೋಷಗಳನ್ನು ಆ ಯೋಜನೆಯ ದೋಷ ದಾಖಲಾತಿ ವ್ಯವಸ್ಥೆಗೆ ಇ-ಅಂಚೆಯ ಮೂಲಕ ಅಥವಾ ರಿಪೋರ್ಟ್‌ಬಗ್ ಎಂಬ ಆಜ್ಞೆಯ ಮೂಲಕ ಕಳುಹಿಸಬಹುದು. ಅಲ್ಲಿ ದೋಷದ ತೀವ್ರತೆಯನ್ನು ನಮೂದಿಸುವ ಅಂಕಣವಿರುತ್ತದೆ; ಸಾಧಾರಣ ಅಚ್ಚಿನ ತಪ್ಪುಗಳಿಗೆ ‘ಮೈನರ್’ ಎಂಬುದನ್ನು ಆರಿಸಬೇಕು. ಲಿಬ್ರೆಆಫೀಸ್‌ನ ಅನುವಾದಗಳನ್ನು ವೆಬ್‌ಲೇಟ್ ತಾಣದಲ್ಲಿಯೂ ಫೈರ್‌ಫಾಕ್ಸ್‌ನ ಅನುವಾದಗಳನ್ನು ಪಾಂಟೂನ್ ತಾಣದಲ್ಲಿಯೂ ಖಾತೆ ತೆರೆದು ಸೂಚಿಸಬಹುದು.

6.5 ಒಂದು ವರದಿಯಲ್ಲಿ ಒಂದು ಬಗೆಯ ದೋಷವನ್ನು ಮಾತ್ರ ಸೇರಿಸಬೇಕು. ಲೇಖನ ಚಿಹ್ನೆಯ ತಿದ್ದುಪಡಿಯೊಂದಿಗೆ ವಿಷಯದ ಬದಲಾವಣೆಯನ್ನು ಬೆರೆಸಿದರೆ ಪರಿಶೀಲಿಸುವವರಿಗೆ ಕಷ್ಟವಾಗಿ, ಎರಡೂ ಬಾಕಿ ಉಳಿಯುವ ಸಂಭವವಿರುತ್ತದೆ.

7. ಪರವಾನಗಿಗೆ ಸಂಬಂಧಿಸಿದ ಸೂಚನೆ

ಕೆಲವು ಕೈಪಿಡಿಗಳು ಗ್ನೂ ಮುಕ್ತ ದಾಖಲೆ ಪರವಾನಗಿಯ ಅಡಿಯಲ್ಲಿ ಪ್ರಕಟವಾಗಿರುತ್ತವೆ. ಈ ಪರವಾನಗಿಯು 2000ನೇ ಇಸವಿಯಲ್ಲಿ ಹೊರಬಂದಿದ್ದು, 1.3ನೇ ಆವೃತ್ತಿಯು 2008ರಲ್ಲಿ ಪ್ರಕಟವಾಯಿತು. ಇದರಂತೆ ಲೇಖಕರು ಕೆಲವು ಭಾಗಗಳನ್ನು ‘ಬದಲಿಸಬಾರದ ಭಾಗ’ ಎಂದು ಘೋಷಿಸಬಹುದು. ಅಂತಹ ಭಾಗಗಳ ಪಠ್ಯವನ್ನೂ ಶೀರ್ಷಿಕೆಯನ್ನೂ ಇದ್ದಂತೆಯೇ ಉಳಿಸಿಕೊಳ್ಳಬೇಕು. ಅಲ್ಲಿ ದೋಷ ಕಂಡರೆ ತಮ್ಮ ಪ್ರತಿಯಲ್ಲಿ ತಾವೇ ತಿದ್ದಿ ಹಂಚದೆ, ಮೂಲ ಲೇಖಕರಿಗೆ ತಿಳಿಸತಕ್ಕದ್ದು.

8. ವೈಯಕ್ತಿಕ ಮಾಹಿತಿಯ ಬಗ್ಗೆ ಎಚ್ಚರಿಕೆ

ಮುಕ್ತ ತಂತ್ರಾಂಶ ಯೋಜನೆಗಳಿಗೆ ಸಲ್ಲಿಸುವ ವರದಿಗಳು ಸಾಮಾನ್ಯವಾಗಿ ಬಹಿರಂಗವಾಗಿರುತ್ತವೆ. ಡೆಬಿಯನ್ ದೋಷ ದಾಖಲಾತಿಯಲ್ಲಿ ವರದಿ ಮಾಡಿದವರ ಹೆಸರು ಮತ್ತು ಇ-ಅಂಚೆ ವಿಳಾಸವನ್ನು ಯಾರು ಬೇಕಾದರೂ ನೋಡಬಹುದು. ಅರ್ಜಿ ತುಂಬುವಾಗ ದೋಷ ಕಂಡಿತೆಂದು ಪರದೆಯ ಚಿತ್ರವನ್ನು ಲಗತ್ತಿಸುವವರು, ಅದರಲ್ಲಿ ಆಧಾರ್ ಸಂಖ್ಯೆ, ಪಡಿತರ ಚೀಟಿ ಸಂಖ್ಯೆ, ಅರ್ಜಿ ಸಂಖ್ಯೆ, ದೂರವಾಣಿ ಸಂಖ್ಯೆ, ಭಾವಚಿತ್ರ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸಾಧ್ಯವಾದಷ್ಟು ಚಿತ್ರದ ಬದಲು ಸಂಬಂಧಪಟ್ಟ ಸಾಲನ್ನು ಮಾತ್ರ ಟೈಪು ಮಾಡಿ ಕಳುಹಿಸುವುದು ಸೂಕ್ತ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ತಿದ್ದುಪಡಿ ಸೂಚಿಸಲು ಶುಲ್ಕವಿದೆಯೇ?
ಉತ್ತರ: ಇಲ್ಲ. ಇದಕ್ಕಾಗಿ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು.

ಪ್ರಶ್ನೆ: ಕಂಪ್ಯೂಟರ್ ಶಿಕ್ಷಣ ಪಡೆದಿರಬೇಕೇ?
ಉತ್ತರ: ಬೇಕಿಲ್ಲ. ಓದುವ ಭಾಗದ ತಿದ್ದುಪಡಿಗೆ ಭಾಷೆಯ ಜ್ಞಾನ ಮತ್ತು ತಾಳ್ಮೆ ಸಾಕು. ಸೂಚನೆಯನ್ನು ಪಾಲಿಸಿ ವಿಫಲರಾದ ಹೊಸಬರ ವರದಿಯು ಪರಿಣತರ ಕಣ್ಣಿಗೆ ಬೀಳದ ದೋಷವನ್ನು ತೋರಿಸಿಕೊಡುತ್ತದೆ.

ಪ್ರಶ್ನೆ: ಹಕ್ಕುಸ್ವಾಮ್ಯದ ಪತ್ರಕ್ಕೆ ಸಹಿ ಮಾಡಬೇಕೇ?
ಉತ್ತರ: ಯೋಜನೆಯಿಂದ ಯೋಜನೆಗೆ ನಿಯಮ ಬೇರೆಯಾಗಿರುತ್ತದೆ. ಗ್ನೂ ಯೋಜನೆಯು ಸುಮಾರು 15 ಸಾಲುಗಳಿಗಿಂತ ಕಡಿಮೆ ಇರುವ ಬದಲಾವಣೆಯನ್ನು ಹಕ್ಕುಸ್ವಾಮ್ಯದ ದೃಷ್ಟಿಯಿಂದ ಗಣನೀಯವೆಂದು ಪರಿಗಣಿಸುವುದಿಲ್ಲ.

ಪ್ರಶ್ನೆ: ಸೂಚನೆಗೆ ಉತ್ತರ ಬಾರದಿದ್ದರೆ?
ಉತ್ತರ: ಪರಿಶೀಲಿಸುವವರೂ ಸ್ವಯಂಸೇವಕರಾಗಿರುತ್ತಾರೆ. ಕೆಲವು ವಾರಗಳ ನಂತರ ಅದೇ ವರದಿಯ ಕೆಳಗೆ ಒಮ್ಮೆ ನೆನಪಿಸಬಹುದು. ಹೊಸದಾಗಿ ಎರಡನೇ ವರದಿ ಸಲ್ಲಿಸಬಾರದು.

ಪ್ರಶ್ನೆ: ನನ್ನ ಪ್ರಮಾಣಪತ್ರದಲ್ಲಿ ಹೆಸರಿನ ಮೊದಲಕ್ಷರ ಮತ್ತು ಬಿಂದು ತಪ್ಪಾಗಿದೆ. ಇದೇ ವಿಧಾನದಲ್ಲಿ ತಿದ್ದಬಹುದೇ?
ಉತ್ತರ: ಇಲ್ಲ. ಅದು ಸರ್ಕಾರಿ ದಾಖಲೆಯ ತಿದ್ದುಪಡಿಯಾಗಿದ್ದು, ಪ್ರಮಾಣಪತ್ರ ನೀಡಿದ ಕಚೇರಿಗೆ ಪೂರಕ ದಾಖಲೆಗಳೊಂದಿಗೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕು.

10. ಮುಕ್ತಾಯ

ಕನ್ನಡದಲ್ಲಿ ಬರೆದ ಕೈಪಿಡಿಯನ್ನು ನಂಬಿ ಅಕ್ಷರಶಃ ಪಾಲಿಸಿದ ಓದುಗರ ಕೆಲಸ ಒಂದು ಗೆರೆಯ ದೋಷದಿಂದ ನಿಂತರೆ, ಅವರು ದೋಷವನ್ನು ತಮ್ಮಲ್ಲಿಯೇ ಹುಡುಕುತ್ತಾರೆ. ಮುಂದೆ ಕನ್ನಡದ ಕೈಪಿಡಿಯನ್ನು ತೆರೆಯಲು ಹಿಂಜರಿಯುತ್ತಾರೆ. ಅಂತಹ ಒಂದು ಗೆರೆಯನ್ನು ಸರಿಪಡಿಸಲು ಹತ್ತು ನಿಮಿಷ ಸಾಕಾಗಬಹುದು. ಅದರ ಪ್ರಯೋಜನ ನಂತರ ಓದುವ ಎಲ್ಲರಿಗೂ ದೊರೆಯುತ್ತದೆ. ಸಾರ್ವಜನಿಕರು ಮೇಲ್ಕಂಡ ಸೂಚನೆಗಳನ್ನು ಗಮನದಲ್ಲಿಟ್ಟುಕೊಂಡು, ತಾವು ಬಳಸುವ ತಂತ್ರಾಂಶಗಳ ಕೈಪಿಡಿಗಳಲ್ಲಿ ಕಂಡುಬರುವ ದೋಷಗಳನ್ನು ಆಯಾ ಯೋಜನೆಗಳ ಗಮನಕ್ಕೆ ತರಬೇಕೆಂದು ಕೋರಲಾಗಿದೆ.